ವೆಲ್ಡಿಂಗ್ ಬೆಳಕಿಗೆ ಹೆದರ್ತೀವಿ, ಹೊಗೆಗೆ ಯಾಕೆ ಹೆದರಲ್ಲ?

(ವಿಜ್ಞಾನ – ಆರೋಗ್ಯ ವಿಭಾಗ)



"ಏಯ್, ವೆಲ್ಡಿಂಗ್ ನೋಡಬೇಡ, ಕಣ್ಣು ಹೋಗುತ್ತೆ!" ಈ ಮಾತು ಕೇಳದೆ ಬೆಳೆದ ಮಕ್ಕಳು ನಮ್ಮೂರಲ್ಲಿ ಇರಲಿಕ್ಕಿಲ್ಲ. ಮಾತು ಸರಿಯಾದದ್ದೇ. ಆ ಬೆಳಕಿನಲ್ಲಿ ನೇರಳಾತೀತ ಕಿರಣಗಳಿವೆ. ಬರಿಗಣ್ಣಿನಲ್ಲಿ ನೋಡಿದರೆ ರಾತ್ರಿಯೆಲ್ಲ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿಯುತ್ತದೆ. ಆದರೆ ಅಲ್ಲೇ ಏಳುವ ಹೊಗೆಯ ಬಗ್ಗೆ ಯಾರೂ ನಮ್ಮನ್ನು ಗದರುವುದಿಲ್ಲ. ಅದರಲ್ಲೂ ಜಿ.ಐ. ಪೈಪು, ಜಿ.ಐ. ತಗಡು ಬೆಸೆಯುವಾಗ ದಟ್ಟವಾಗಿ ಏಳುವ ಬಿಳಿ ಹೊಗೆ ಮನುಷ್ಯನಿಗೆ ಒಂದು ವಿಚಿತ್ರವಾದ ಚಳಿಜ್ವರ ತರುತ್ತದೆ. ಅದು ಹೊಗೆಯಿಂದ ಬಂತು ಅಂತ ಎಷ್ಟೋ ಸಲ ಜ್ವರ ಬಂದವರಿಗೇ ಗೊತ್ತಾಗುವುದಿಲ್ಲ.

ನಮ್ಮ ಶಾಲೆಯಲ್ಲಿ ಓದಿದ ಅಣ್ಣಂದಿರಲ್ಲಿ ಕೆಲವರು ಐ.ಟಿ.ಐ.ನಲ್ಲಿ ವೆಲ್ಡರ್ ಟ್ರೇಡ್ ಸೇರುತ್ತಾರೆ. ಇನ್ನು ಕೆಲವರು ನೇರವಾಗಿ ವೆಲ್ಡಿಂಗ್ ಶಾಪಿಗೆ ಕೆಲಸಕ್ಕೆ ಹೋಗುತ್ತಾರೆ. ನಾಳೆ ನಮ್ಮಲ್ಲೂ ಕೆಲವರು ಹೋಗಬಹುದು. ಆದ್ದರಿಂದ ಈ ವಿಷಯ ಪರೀಕ್ಷೆಗೆ ಬರದಿದ್ದರೂ ನಾವು ತಿಳಿಯಲೇಬೇಕು.

ಜಿ.ಐ. ಎಂದರೇನು?

ಜಿ.ಐ. ಎಂದರೆ ಗ್ಯಾಲ್ವನೈಸ್ಡ್ ಐರನ್. ಕಬ್ಬಿಣದ ಮೇಲೆ ಸತುವಿನ ಲೇಪ ಕೊಟ್ಟದ್ದು. ಸತು ಅಂದರೆ ಜಿಂಕ್. ಕಬ್ಬಿಣವನ್ನು ಕಾದು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಈ ವಿಧಾನಕ್ಕೆ ಫ್ರಾನ್ಸ್ ದೇಶದ ಸೋರೆಲ್ ಎಂಬ ಇಂಜಿನಿಯರ್ 1837ರಲ್ಲಿ ಪೇಟೆಂಟ್ ಪಡೆದರು. ಬೋರ್‌ವೆಲ್ ಪೈಪು, ಸೂರಿನ ತಗಡು, ಬಕೆಟ್ಟು, ಬೇಲಿಯ ತಂತಿ, ಕೊಟ್ಟಿಗೆಯ ಕಂಬ, ಎಲ್ಲದರಲ್ಲೂ ಇದು ಉಂಟು. ಹೊಸ ಬಕೆಟ್ಟಿನ ಮೇಲೆ ಹೂವಿನ ಹಾಗೆ, ಹರಳಿನ ಹಾಗೆ ಹೊಳೆಯುವ ಗುರುತು ನೋಡಿದ್ದೀರಲ್ಲ, ಅದೇ ಸತುವಿನ ಲೇಪ.

ಸತುವಿನ ಗುಣ ದೊಡ್ಡದು. ಗಾಳಿ, ನೀರು ಬಂದು ತಾಗಿದಾಗ ತಾನು ಮೊದಲು ಸವೆದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಆದ್ದರಿಂದ ಜಿ.ಐ. ಸಾಮಾನು ಕೆಟ್ಟದ್ದಲ್ಲ. ಬೆಂಕಿ ತಾಗಿದಾಗ ಮಾತ್ರ ಕಥೆ ಬೇರೆ.

ಹೊಗೆ ಹೇಗೆ ಹುಟ್ಟುತ್ತದೆ?

ಮೂರು ಸಂಖ್ಯೆ ನೆನಪಿಟ್ಟರೆ ಸಾಕು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 907 ಡಿಗ್ರಿಯಲ್ಲಿ ನೀರು ಕುದಿದ ಹಾಗೆ ಕುದಿದು ಆವಿಯಾಗುತ್ತದೆ. ಕಬ್ಬಿಣ ಕರಗಬೇಕಾದರೆ ಸುಮಾರು 1538 ಡಿಗ್ರಿ ಬೇಕು.

ಈಗ ಯೋಚನೆ ಮಾಡಿ. ಬೆಸುಗೆ ಹಾಕಬೇಕಾದರೆ ಕಬ್ಬಿಣ ಕರಗಲೇಬೇಕು. ಕಬ್ಬಿಣ ಕರಗುವಷ್ಟು ಕಾಯುವ ಹೊತ್ತಿಗೆ ಅದರ ಮೇಲಿನ ಸತು ಕುದಿದು ಹಾರಿಹೋಗಿರುತ್ತದೆ! ಕೆಲಸಗಾರ ಎಷ್ಟೇ ಜಾಣನಾಗಿರಲಿ, ರಾಡು ಎಷ್ಟೇ ಒಳ್ಳೇದಿರಲಿ, ಇದನ್ನು ತಪ್ಪಿಸಲು ಆಗುವುದಿಲ್ಲ. ಹಾರಿದ ಸತುವಿನ ಆವಿ ಗಾಳಿಯ ಆಮ್ಲಜನಕದ ಜತೆ ಸೇರಿ ಸತುವಿನ ಆಕ್ಸೈಡ್ ಆಗುತ್ತದೆ. ನಮಗೆ ಕಾಣುವ ಬಿಳಿ ಹೊಗೆ ಮುಖ್ಯವಾಗಿ ಇದೇ. ಕೆಲವು ಸಲ ಹತ್ತಿಯ ಎಳೆಯಂತೆ ಗಾಳಿಯಲ್ಲಿ ತೇಲಿ ಬೀಳುತ್ತದೆ. ಬಿಸಿಯಿದ್ದಾಗ ಹಳದಿ, ತಣಿದ ಮೇಲೆ ಬಿಳಿ.

ನಿಮಗೆ ಗೊತ್ತೆ? ಸತು ಆವಿಯಾಗಿ ಗಾಳಿ ತಾಗಿದರೆ ಪುಡಿಯಾಗಿ ಹೋಗುತ್ತದೆ ಎಂಬುದನ್ನು ನಮ್ಮ ದೇಶದವರು ನೂರಾರು ವರ್ಷಗಳ ಹಿಂದೆಯೇ ಅರಿತಿದ್ದರು. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಎಂಬಲ್ಲಿ ಬದನೆಕಾಯಿ ಆಕಾರದ ಮಣ್ಣಿನ ಕೊಳವೆಗಳಲ್ಲಿ ಅದಿರು ತುಂಬಿ, ತಲೆಕೆಳಗು ಮಾಡಿ ಕಾಯಿಸುತ್ತಿದ್ದರು. ಆವಿ ಹೊರಗಿನ ಗಾಳಿಗೆ ಸಿಗದೆ ಕೆಳಗಿನ ತಣ್ಣನೆಯ ಪಾತ್ರೆಗೆ ಇಳಿದು ಲೋಹವಾಗುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಇಂಥದೇ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ. ಜಾವರ್‌ನಲ್ಲಿ ಆ ಹಳೆಯ ಕೊಳವೆಗಳ ರಾಶಿಗಳು ಇವತ್ತಿಗೂ ಇವೆ.

ಮೈಯೊಳಗೆ ಏನಾಗುತ್ತದೆ?

ಈ ಹೊಗೆಯ ಕಣಗಳು ಬಹಳ ಸಣ್ಣವು. ತಲೆಕೂದಲ ದಪ್ಪವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಸುಮಾರು ಅಷ್ಟು, ಇಲ್ಲವೆ ಅದಕ್ಕಿಂತಲೂ ಚಿಕ್ಕವು. ಮೂಗಿನ ಕೂದಲಿಗಾಗಲಿ ಗಂಟಲಿನ ಕಫಕ್ಕಾಗಲಿ ಸಿಕ್ಕಿಕೊಳ್ಳದೆ ಶ್ವಾಸಕೋಶದ ತುದಿಯ ಗಾಳಿಗೂಡುಗಳ ತನಕ ಹೋಗುತ್ತವೆ. ಅಲ್ಲಿ ಕಾವಲಿಗಿರುವ ರಕ್ಷಕ ಕಣಗಳು ಇವನ್ನು ಶತ್ರು ಎಂದು ತಿಳಿದು ಕೆಲವು ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಮೈಗೆ ಜ್ವರ ಬರುತ್ತದೆ. ರೋಗಾಣು ಇಲ್ಲ, ಸೊಳ್ಳೆ ಇಲ್ಲ, ಆದರೂ ಜ್ವರ! ಇದನ್ನು ಲೋಹದ ಹೊಗೆಯ ಜ್ವರ ಎನ್ನುತ್ತಾರೆ.

ಇದರ ಮೋಸ ಏನೆಂದರೆ, ಕೆಲಸ ಮಾಡುವಾಗ ಹೆಚ್ಚಾಗಿ ಏನೂ ಆಗುವುದಿಲ್ಲ. ಬಾಯಲ್ಲಿ ಸಿಹಿ ಸಿಹಿಯಾದ ಲೋಹದ ರುಚಿ, ಗಂಟಲು ಒಣಗುವುದು, ಬಾಯಾರಿಕೆ, ಅಷ್ಟೇ. ನಾಲ್ಕರಿಂದ ಹತ್ತು ಗಂಟೆ ಕಳೆದ ಮೇಲೆ, ಮನೆಗೆ ಬಂದು ಊಟ ಮಾಡಿ ಮಲಗುವ ಹೊತ್ತಿಗೆ ಚಳಿ ಶುರುವಾಗುತ್ತದೆ. ಎರಡು ಕಂಬಳಿ ಹೊದ್ದರೂ ನಡುಕ, ಮೈಕೈ ನೋವು, ತಲೆನೋವು, ಒಣಕೆಮ್ಮು, ಜ್ವರ, ಆಮೇಲೆ ಬೆವರು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಹಗಲು ಎಳೆದುಕೊಂಡ ಹೊಗೆಗೂ ರಾತ್ರಿ ಬಂದ ಜ್ವರಕ್ಕೂ ಯಾರು ತಾನೇ ಸಂಬಂಧ ಕಟ್ಟುತ್ತಾರೆ? "ಮಳೆಯಲ್ಲಿ ನೆನೆದೆ, ಅದಕ್ಕೇ ಬಂತು" ಅಂತಾರೆ.

ಇನ್ನೊಂದು ವಿಚಿತ್ರ. ದಿನವೂ ಹೊಗೆ ಕುಡಿಯುವವನಿಗೆ ವಾರದ ನಡುವೆ ಜ್ವರ ಕಡಿಮೆ. ದೇಹ ಸ್ವಲ್ಪ ಕಾಲಕ್ಕೆ ಒಗ್ಗಿಕೊಂಡಿರುತ್ತದೆ. ಒಂದೆರಡು ದಿನ ರಜೆ ಮಾಡಿದರೆ ಆ ಒಗ್ಗುವಿಕೆ ಹೋಗಿಬಿಡುತ್ತದೆ. ಮತ್ತೆ ಕೆಲಸಕ್ಕೆ ಹೋದ ಮೊದಲ ದಿನವೇ ಜ್ವರ. ಅದಕ್ಕೇ ಇದಕ್ಕೆ 'ಸೋಮವಾರದ ಜ್ವರ' ಎಂಬ ಹೆಸರೂ ಇದೆ. ನಮ್ಮ ಕಡೆ ಹಬ್ಬ ಮುಗಿಸಿ ಕೆಲಸಕ್ಕೆ ಹೋದವರಿಗೆ ಹೀಗಾದರೆ "ಹಬ್ಬದ ಊಟ ಹೆಚ್ಚಾಯ್ತು" ಅಂತ ನಗುತ್ತಾರೆ. ಆದ್ದರಿಂದ "ನನಗೆ ಅಭ್ಯಾಸ ಆಗಿದೆ ಬಿಡು" ಎನ್ನುವ ಮಾತಿಗೆ ಅರ್ಥವಿಲ್ಲ.

ಹಾಲು ಕುಡಿದರೆ ಸಾಲದೆ?

ವೆಲ್ಡಿಂಗ್ ಕೆಲಸದವರನ್ನು ಕೇಳಿದರೆ ಹಾಲು ಕುಡಿ, ಬೆಲ್ಲ ತಿನ್ನು, ಬಾಳೆಹಣ್ಣು ತಿನ್ನು ಅಂತಾರೆ. ಇವು ಒಳ್ಳೆಯ ಆಹಾರ, ಬೇಡ ಅನ್ನಬಾರದು. ಆದರೆ ನಮ್ಮ ವಿಜ್ಞಾನ ಪುಸ್ತಕದ ಚಿತ್ರ ನೆನಪು ಮಾಡಿಕೊಳ್ಳಿ. ಹಾಲು ಅನ್ನನಾಳದಲ್ಲಿ ಜಠರಕ್ಕೆ ಹೋಗುತ್ತದೆ. ಹೊಗೆ ಶ್ವಾಸನಾಳದಲ್ಲಿ ಶ್ವಾಸಕೋಶಕ್ಕೆ ಹೋಗುತ್ತದೆ. ಇಬ್ಬರ ದಾರಿಯೇ ಬೇರೆ! ಹಾಲು ಹೋಗಿ ಹೊಗೆಯನ್ನು ತೊಳೆಯುವುದು ಎಲ್ಲಿಂದ ಬಂತು? "ಒಂದು ಲೋಟ ಹಾಲು ಕುಡಿದಿದ್ದೀನಿ" ಎಂಬ ಧೈರ್ಯದಲ್ಲಿ ಮುಚ್ಚಿದ ಕೋಣೆಯಲ್ಲಿ ಕೂತು ಬೆಸುಗೆ ಹಾಕುವುದೇ ಅಪಾಯ.

ಇನ್ನು ಕೆಲವರು ಕೇಳಬಹುದು: ಮಕ್ಕಳಿಗೆ ಭೇದಿಯಾದಾಗ ಆಶಾ ಅಕ್ಕ ಓ.ಆರ್.ಎಸ್. ಜತೆ ಜಿಂಕ್ ಮಾತ್ರೆ ಕೊಡ್ತಾರಲ್ಲ, ಅದು ಒಳ್ಳೇದಾದರೆ ಇದು ಹೇಗೆ ಕೆಟ್ಟದ್ದು? ಒಳ್ಳೆಯ ಪ್ರಶ್ನೆ. ಸತು ಸ್ವಲ್ಪ ಪ್ರಮಾಣದಲ್ಲಿ ನಮ್ಮ ದೇಹಕ್ಕೆ ಬೇಕು. ಮಾತ್ರೆಯಾಗಿ ಹೊಟ್ಟೆಗೆ ಹೋದರೆ ಔಷಧಿ. ಅದೇ ಸುಟ್ಟು ಹೊಗೆಯಾಗಿ ಶ್ವಾಸಕೋಶಕ್ಕೆ ಹೋದರೆ ಜ್ವರ. ನೀರು ಹೊಟ್ಟೆಗೆ ಹೋದರೆ ದಾಹ ತೀರುತ್ತದೆ, ಶ್ವಾಸಕ್ಕೆ ಹೋದರೆ ಉಸಿರು ಕಟ್ಟುತ್ತದೆ, ಹಾಗೆ.

ಜ್ವರಕ್ಕಿಂತ ದೊಡ್ಡ ಅಪಾಯ

ಸತುವಿನ ಜ್ವರ ಇಳಿಯುತ್ತದೆ, ಸರಿ. ಆದರೆ ಹೊಳೆಯುವ ಲೇಪವೆಲ್ಲ ಸತುವೇ ಆಗಿರುವುದಿಲ್ಲ. ಕೆಲವು ಹಳೆಯ ಬೋಲ್ಟು, ನಟ್ಟು, ಯಂತ್ರದ ಭಾಗಗಳಿಗೆ ಕ್ಯಾಡ್ಮಿಯಂ ಎಂಬ ಲೋಹದ ಲೇಪ ಇರುತ್ತದೆ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಅದರ ಹೊಗೆ ಕುಡಿದರೂ ಮೊದಲು ಇದೇ ತರಹದ ಚಳಿಜ್ವರ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರಬಹುದು. ಹಳೆಯ ಬಣ್ಣ ಬಳಿದ ಕಬ್ಬಿಣವನ್ನು ಸುಟ್ಟರೆ ಬಣ್ಣದಲ್ಲಿನ ಸೀಸ ಹೊಗೆಯಾಗುತ್ತದೆ. ಅದೂ ವಿಷವೇ. ಯಾವ ಲೇಪ ಎಂದು ಗೊತ್ತಿಲ್ಲದ ಗುಜರಿ ಸಾಮಾನಿಗೆ ಬೆಂಕಿ ತೋರಿಸಲೇಬಾರದು.

ಅಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಎಲ್ಲ ಬಗೆಯ ವೆಲ್ಡಿಂಗ್ ಹೊಗೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಇವತ್ತಿನ ಜ್ವರ ಇಳಿದರೂ ವರ್ಷಗಟ್ಟಲೆ ಕುಡಿದ ಹೊಗೆಯ ಲೆಕ್ಕ ಮುಗಿಯುವುದಿಲ್ಲ.

ಕೆಲಸ ಮಾಡುವವರು ಏನು ಮಾಡಬೇಕು?

1. ಬೆಸೆಯದೆ ಕೆಲಸ ಆಗುವುದಾದರೆ ಬೆಸೆಯಬೇಡಿ. ನೀರಿನ ಜಿ.ಐ. ಪೈಪಿಗೆ ಥ್ರೆಡ್ ಹಾಕಿ ಸಾಕೆಟ್‌ನಿಂದ ಜೋಡಿಸಬಹುದು. ಕಂಬಕ್ಕೆ ನಟ್ಟು ಬೋಲ್ಟು ಹಾಕಬಹುದು.

2. ಬೆಸೆಯಲೇಬೇಕಾದರೆ ಬೆಸುಗೆಯ ಜಾಗದ ಸುತ್ತ ನಾಲ್ಕು ಅಂಗುಲದಷ್ಟು ಸತುವನ್ನು ಗ್ರೈಂಡರ್ ಅಥವಾ ಅರದಿಂದ ಉಜ್ಜಿ ತೆಗೆಯಿರಿ. ಉಜ್ಜುವಾಗಲೂ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಆಸಿಡ್ ಸುರಿದು ಲೇಪ ತೆಗೆಯಬೇಡಿ. ಸತುವಿಗೆ ಆಸಿಡ್ ಬಿದ್ದರೆ ಜಲಜನಕ ಹುಟ್ಟುತ್ತದೆ. ಪ್ರಯೋಗಾಲಯದಲ್ಲಿ ಕಡ್ಡಿ ಹಿಡಿದಾಗ 'ಪಟ್' ಅಂದದ್ದು ಮರೆತಿಲ್ಲ ತಾನೆ?

3. ಬಯಲಿನಲ್ಲಿ ಕೆಲಸ ಮಾಡಿ. ಗಾಳಿ ಪಕ್ಕದಿಂದ ಬೀಸಿ ಹೊಗೆಯನ್ನು ಆಚೆ ಒಯ್ಯುವಂತೆ ನಿಲ್ಲಿ. ಹೊಗೆಯ ಮೇಲೆ ತಲೆ ಬಗ್ಗಿಸಬೇಡಿ. ಬಾಗಿಲು ಮುಚ್ಚಿದ ಕೋಣೆ, ಟ್ಯಾಂಕಿನ ಒಳಗೆ ಒಬ್ಬರೇ ಕೆಲಸ ಮಾಡಲೇಬಾರದು.

4. ಟವೆಲ್ ಕಟ್ಟಿಕೊಂಡರೆ, ಅದನ್ನು ಒದ್ದೆ ಮಾಡಿದರೂ ಸಹ, ಈ ಹೊಗೆಯನ್ನು ನಂಬಿಕೆಯಾಗಿ ತಡೆಯದು. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಅಥವಾ ವೆಲ್ಡಿಂಗ್ ಹೊಗೆಗೆಂದೇ ಬರುವ ಮಾಸ್ಕ್ ಬೇಕು. ಮಾಸ್ಕ್ ಇದ್ದರೂ ಬಯಲು ಗಾಳಿ ಬೇಕೇ ಬೇಕು.

5. ಕೆಲಸ ಮುಗಿದ ಮೇಲೆ ಸತು ಹೋದ ಜಾಗಕ್ಕೆ ಜಿಂಕ್ ಪ್ರೈಮರ್ ಬಳಿಯಿರಿ. ಇಲ್ಲದಿದ್ದರೆ ಅಲ್ಲಿಂದಲೇ ತುಕ್ಕು ಶುರು.

ಮನೆಯವರು ಏನು ತಿಳಿಯಬೇಕು?

ತಗಡಿನ ಸೂರಿನವರು ಹೆದರಬೇಕಾಗಿಲ್ಲ. ಬೇಸಿಗೆಯ ಬಿಸಿಲಿಗೆ ಸತು ಕರಗುವುದೂ ಇಲ್ಲ, ಹೊಗೆಯಾಗುವುದೂ ಇಲ್ಲ. ಆದರೆ ಹಳೆಯ ಜಿ.ಐ. ಬಕೆಟ್ಟಿಗೆ ತೂತು ಮಾಡಿ ಇದ್ದಿಲ ಒಲೆ ಮಾಡಬೇಡಿ. ಜಿ.ಐ. ಜಾಲರಿ ಕೆಂಡದ ಮೇಲಿಟ್ಟು ಜೋಳದ ತೆನೆ ಸುಡಬೇಡಿ. ಕೆಂಪಗೆ ಕಾದರೆ ಅದೇ ಬಿಳಿ ಹೊಗೆ ಮನೆಯೊಳಗೇ ತುಂಬುತ್ತದೆ. ಜಾತ್ರೆಯಲ್ಲಿ ನಿಂಬೆ ಪಾನಕ, ಮಜ್ಜಿಗೆ ಹಂಚಲು ಜಿ.ಐ. ಬಕೆಟ್ಟು ಬೇಡ. ಹುಳಿಗೆ ಸತು ಕರಗಿ ಕುಡಿದವರಿಗೆ ವಾಂತಿ, ಹೊಟ್ಟೆನೋವು ಬರಬಹುದು. ಸ್ಟೀಲ್ ಪಾತ್ರೆ ಇರಲಿ.

ಜ್ವರ ಬಂದರೆ?

ವಿಶ್ರಾಂತಿ ತೆಗೆದುಕೊಳ್ಳಿ, ಚೆನ್ನಾಗಿ ನೀರು ಕುಡಿಯಿರಿ. ಆಸ್ಪತ್ರೆಗೆ ಹೋದಾಗ "ಇಂಥ ಹೊತ್ತಿಗೆ ಜಿ.ಐ. ಬೆಸೆದಿದ್ದೆ" ಎಂದು ಡಾಕ್ಟರಿಗೆ ಹೇಳಲೇಬೇಕು. ಹೇಳದಿದ್ದರೆ ಅವರಿಗಾದರೂ ಹೇಗೆ ತಿಳಿಯಬೇಕು? ಹಾಗಂತ ಚಳಿಜ್ವರವೆಲ್ಲ ಹೊಗೆಯದೇ ಎಂದು ಮಲೇರಿಯಾ ರಕ್ತಪರೀಕ್ಷೆ ಬಿಡಬೇಡಿ. ಉಸಿರಾಡಲು ಕಷ್ಟ, ಎದೆನೋವು, ತುಟಿ ನೀಲಿಗಟ್ಟುವುದು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎರಡು ದಿನವಾದರೂ ಜ್ವರ ಇಳಿಯದಿದ್ದರೂ ತೋರಿಸಲೇಬೇಕು.

ಗೆಳೆಯರೇ, ನಿಮ್ಮ ಮನೆಯಲ್ಲಿ ಅಣ್ಣನೋ ಮಾವನೋ ಚಿಕ್ಕಪ್ಪನೋ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರೆ ಇವತ್ತು ಸಂಜೆ ಒಂದು ಮಾತು ಕೇಳಿ: "ಜಿ.ಐ. ಬೆಸೆದ ದಿನ ರಾತ್ರಿ ಚಳಿ ಬರುತ್ತಾ?" ಹೌದು ಅಂದರೆ ಇಲ್ಲಿ ಓದಿದ್ದನ್ನು ಅವರಿಗೆ ಹೇಳಿ.

ಬೆಳಕಿಗೆ ಕನ್ನಡಕ, ಹೊಗೆಗೆ ಬಯಲು ಗಾಳಿ. ಆರೋಗ್ಯವೇ ಭಾಗ್ಯ!

– ಹತ್ತನೇ ತರಗತಿ, ವಿಜ್ಞಾನ ಸಂಘದ ಪರವಾಗಿ