ಕಮಲಾಪುರದ ಗುಡ್ಡಕ್ಕೊಂದು ಪರದೆ

ಕಲಬುರಗಿ ಬಿಟ್ಟು ಹುಮನಾಬಾದ್ ರಸ್ತೆ ಹಿಡಿದರೆ ಮೊದಲ ಅರ್ಧ ತಾಸು ಎಡಕ್ಕೂ ಬಲಕ್ಕೂ ತೊಗರಿ ಹೊಲ, ಎರೆಮಣ್ಣು, ನೆತ್ತಿಯ ಮೇಲೆ ಬಿಸಿಲು. ಕಮಲಾಪುರ ಹತ್ತಿರವಾದಂತೆ ನೆಲ ಮಗ್ಗುಲು ಬದಲಿಸುತ್ತದೆ. ಬುಡದಲ್ಲಿ ಕೆಂಪು ಬಾಳೆಯ ತೋಟ, ಮೇಲೆ ಕುರುಚಲು ಗುಡ್ಡ. ಜಿಐ ಮಾನ್ಯತೆ ಪಡೆದ ಬಾಳೆ ಊರಿಗೆ ಹೆಸರು ತಂದಿತು, ಗುಡ್ಡವನ್ನು ಕೇಳಿದವರಿಲ್ಲ. ‘ಗುಡ್ಡ ಏರೂದು ದೊಡ್ಡ ಮಾತೇನ್ರಿ, ನಮ್ಮ ಕುರಿ ದಿನಾ ಏರ್ತಾವ’ ಎಂದು ಇಲ್ಲಿಯ ಕುರಿಗಾಹಿಯೊಬ್ಬ ನಕ್ಕರೆ ಉತ್ತರ ಹೇಳುವುದು ಕಷ್ಟ.

ಏರಿದ್ದು ಸಾಹಸ ಅನ್ನಿಸಿಕೊಳ್ಳಬೇಕಾದರೆ ಅದನ್ನು ಯಾರಾದರೂ ಹೇಳಬೇಕು, ತೋರಿಸಬೇಕು. ಇಟಲಿಯ ಟ್ರೆಂಟೊ ಪಟ್ಟಣದಲ್ಲಿ 1952ರಲ್ಲಿ ಪರ್ವತ ಚಿತ್ರಗಳಿಗೆಂದೇ ಉತ್ಸವ ಶುರುವಾಯಿತು. ಕೆನಡಾದ ಬ್ಯಾನ್ಫ್‌ನಲ್ಲಿ 1976ರಲ್ಲಿ ಹುಟ್ಟಿದ ಇಂಥದ್ದೇ ಉತ್ಸವ ಈಗ ದೇಶದೇಶ ಸುತ್ತುತ್ತದೆ. ನಮ್ಮಲ್ಲಿ ಈ ಕೆಲಸವನ್ನು ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ತನ್ನ ರೀತಿಯಲ್ಲಿ ಮಾಡಿತು. 1965ರಲ್ಲಿ ಎಂ.ಎಸ್. ಕೊಹ್ಲಿ ಮುಂದಾಳತ್ವದ ಭಾರತೀಯ ತಂಡದ ಒಂಬತ್ತು ಮಂದಿ ಎವರೆಸ್ಟ್ ತುದಿ ಮುಟ್ಟಿದ್ದು ಚಿತ್ರವೂ ಆಯಿತು. ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಸರ್ಕಾರಿ ಸಾಕ್ಷ್ಯಚಿತ್ರ ಹಾಕಲೇಬೇಕಿದ್ದ ಕಾಲ ಅದು. ಬಯಲುಸೀಮೆಯ ಎಷ್ಟೋ ಮಂದಿಗೆ ಹಿಮವೆಂದರೆ ಬೆಳ್ಳಿಪರದೆಯ ಮೇಲೆ ಕಂಡದ್ದಷ್ಟೇ.

ಆದರೆ ನೋಡಿದವರು ಎದ್ದು ನಡೆಯದಿದ್ದರೆ ಚಿತ್ರ ಚಪ್ಪಾಳೆಗೆ ಮುಗಿಯಿತು. ಆ ಮುಂದಿನ ಹೆಜ್ಜೆಗೆ ಕರ್ನಾಟಕದಲ್ಲಿ ಒಂದು ಸಂಸ್ಥೆಯಿದೆ: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಹೆಸರು ಸುಮ್ಮನೆ ಬಂದದ್ದಲ್ಲ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ 1948ರ ನವೆಂಬರಿನಲ್ಲಿ, ಕಾಶ್ಮೀರದ ಯುದ್ಧದಲ್ಲಿ, 11 ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟೆತ್ತರಕ್ಕೆ ಟ್ಯಾಂಕು ಬಂದೀತೆಂದು ಎದುರಾಳಿ ಎಣಿಸಿರಲಿಲ್ಲ.

ಅಕಾಡೆಮಿಯ ಶಿಲಾರೋಹಣ ತರಬೇತಿಗೆ ಬಾದಾಮಿ, ರಾಮನಗರದ ಬಂಡೆಗಳೇ ಪಾಠಶಾಲೆ. ಮೊದಲ ಪಾಠ ಏರುವುದಲ್ಲ, ಗಂಟು ಹಾಕುವುದು. ಎಂಟರ ಆಕಾರದ ಗಂಟನ್ನು ಕಣ್ಣುಮುಚ್ಚಿ ಹಾಕಲು ಬರುವವರೆಗೂ ಕೈಗೆ ಬಿಡುವಿಲ್ಲ. ಒಬ್ಬ ಏರುವಾಗ ಇನ್ನೊಬ್ಬ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ. ಮೇಲಿನವನ ಕಾಲು ಜಾರಿದರೆ ಬದುಕು ಕೆಳಗಿನವನ ಮುಷ್ಟಿಯಲ್ಲಿ. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತೂ ಮಾತಾಡದ ಹುಡುಗರು ಇಲ್ಲಿ ಒಬ್ಬರ ಹೆಸರು ಒಬ್ಬರು ಕೂಗಬೇಕಾಗುತ್ತದೆ. ಇಳಿಯುವ ಪಾಠ ಇನ್ನೂ ಕಠಿಣ. ಬೆನ್ನನ್ನು ಬಯಲಿಗೆ ಒಡ್ಡಿ ಹಿಂದಕ್ಕೆ ವಾಲಬೇಕು. ಬುದ್ಧಿ ಒಪ್ಪಿದರೂ ಮೊಣಕಾಲು ಒಪ್ಪುವುದಿಲ್ಲ.

ಬಾದಾಮಿಯ ಕೆಂಪು ಮರಳುಗಲ್ಲು ಬೆರಳಿಗೆ ಹಿಡಿತ ಕೊಡುತ್ತದೆ. ನಮ್ಮ ಕಮಲಾಪುರದ ಕಡೆಯದು ದಖನ್ನಿನ ಕಪ್ಪು ಬಸಾಲ್ಟ್, ಬೀದರಿನತ್ತ ಹೋದಂತೆ ಅದರ ಮೇಲೆ ಕೆಂಪು ಜಂಬಿಟ್ಟಿಗೆ. ಶಿಥಿಲವಾದ ಬಸಾಲ್ಟು ಸೀಳುತ್ತದೆ, ಜಂಬಿಟ್ಟಿಗೆ ಉದುರುತ್ತದೆ. ಹಗ್ಗ ಕಟ್ಟಿ ಏರಲು ಇದು ತಕ್ಕ ಕಲ್ಲಲ್ಲ. ವಿಡಿಯೋ ನೋಡಿ ಬಂದು ಅಂಚಿಗೆ ಕೈ ಹಾಕುವುದು ಹುಚ್ಚುತನವೇ ಸರಿ. ಆದರೆ ಚಾರಣಕ್ಕೆ, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ದಾರಿ ಹುಡುಕುವ ಪಂದ್ಯಕ್ಕೆ ಈ ನೆಲ ಹೇಳಿ ಮಾಡಿಸಿದ್ದು. ಮರ ಕಡಿಮೆ, ನೋಟ ದೂರ, ಹಳ್ಳಕೊಳ್ಳ ಸ್ಪಷ್ಟ.

ಇನ್ನೂ ಪೂರ್ವಕ್ಕೆ ಹೋದರೆ ಚಿಂಚೋಳಿ. ಅಲ್ಲಿಯ 134.88 ಚದರ ಕಿ.ಮೀ. ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ಒಣಕಾಡು ಅದು. ನಡುವೆ ಚಂದ್ರಂಪಳ್ಳಿ ಜಲಾಶಯ. ಕಲಬುರಗಿಯ ಎಷ್ಟು ಮಕ್ಕಳು ಇದನ್ನು ನೋಡಿದ್ದಾರೆ? ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರ 2020ರ ಜನವರಿಯಲ್ಲಿ ಚಿತ್ರಮಂದಿರಕ್ಕೇ ಬಂದಾಗ, ಡೇವಿಡ್ ಅಟೆನ್‌ಬರೊ ದನಿಯಲ್ಲಿ ನಮ್ಮ ರಾಜ್ಯದ ಕಾಡಿನ ಕಥೆ ಕೇಳಿ ಜನ ಬೆರಗಾದರು. ಆದರೂ ಕಾಡೆಂದರೆ ಹಸಿರೇ ಎಂಬ ನಮ್ಮ ರೂಢಿ ಹೋಗಿಲ್ಲ. ಬಿಸಿಲಿನ ಅಡವಿಗೂ ಒಂದು ಕ್ಯಾಮೆರಾ ಬೇಕು. ಅದನ್ನು ಹಿಡಿಯುವ ಕೈ ಇಲ್ಲಿಯದಾದರೆ ಇನ್ನೂ ಚೆನ್ನ.

ಕಲಬುರಗಿಗೆ ಪರದೆಯ ಕಲೆ ಹೊಸದಲ್ಲ. ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳಿಗೆ ಬಣ್ಣ ತುಂಬಿದ ಎಸ್.ಎಂ. ಪಂಡಿತರು ಇದೇ ಊರಿನವರು. ಅವರ ಹೆಸರಿನ ರಂಗಮಂದಿರ ನಗರದ ನಡುವೆಯೇ ಇದೆ. ಕಾಲೇಜುಗಳು ಕೂಡಿ ವರ್ಷಕ್ಕೊಂದು ಸಂಜೆ ಅಲ್ಲಿ ಪರ್ವತ, ಕಾಡಿನ ಚಿತ್ರಗಳನ್ನು ತೋರಿಸಲಿ. ಮರುದಿನ ನಸುಕಿಗೇ ಬಸ್ಸು ಕಮಲಾಪುರದತ್ತ ಹೊರಡಲಿ. ನವೆಂಬರಿನಿಂದ ಜನವರಿಯೊಳಗೆ ಆದರೆ ಒಳ್ಳೆಯದು. ಆಮೇಲೆ ಬಿಸಿಲು ಯಾರ ಮಾತನ್ನೂ ಕೇಳುವುದಿಲ್ಲ. ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ, ಪಳಗಿದವರೊಬ್ಬರನ್ನು ಕರೆದೊಯ್ಯಿರಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ನೀರು ಮಾತ್ರ ತಲೆಗೆ ಮೂರು ಲೀಟರಿಗೆ ಕಡಿಮೆ ಬೇಡ.