ನಿಧಾನಕ್ಕೆ ತಿರುಗಿದರೆ ತಣ್ಣಗಿರಬೇಕಲ್ಲವೇ?

ಚಳ್ಳಕೆರೆ ಕಡೆಯ ಎಣ್ಣೆ ಗಿರಣಿಯವರೊಬ್ಬರ ಪ್ರಶ್ನೆ: ‘ಶೇಂಗಾ ಎಕ್ಸ್‌ಪೆಲ್ಲರಿಗೆ ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಹಾಕಿಸಿ 50 ಹರ್ಟ್ಸ್‌ನಿಂದ 25ಕ್ಕೆ ಇಳಿಸಿದ್ದೇವೆ. ಅರ್ಧ ವೇಗವಾದರೂ ಮೋಟಾರು ಕೆಂಡದಂತೆ ಕಾಯುತ್ತದೆ. ಪಕ್ಕದ ಬ್ಲೋವರನ್ನೂ ಹಾಗೇ ಇಳಿಸಿದ್ದೇವೆ, ಅದು ತಣ್ಣಗಿದೆ. ಡ್ರೈವ್ ಕೆಟ್ಟಿದೆಯೇ?’

ಬಹುಶಃ ಕೆಟ್ಟಿಲ್ಲ. ಈ ಪ್ರಶ್ನೆಯ ಸೊಗಸೆಲ್ಲ ಆ ಬ್ಲೋವರಿನಲ್ಲಿದೆ. ಮೋಟಾರಿನ ಬಿಸಿಗೆ ಮುಖ್ಯ ಕಾರಣ ವೈಂಡಿಂಗಿನಲ್ಲಿ ಹರಿಯುವ ಕರೆಂಟು. ಅದು ಎಷ್ಟು ಹರಿಯಬೇಕೆಂದು ಹೇಳುವುದು ವೇಗವಲ್ಲ, ಟಾರ್ಕ್, ಅಂದರೆ ತಿರುಗಿಸುವ ಬಲ. ಶೇಂಗಾ ಹಿಂಡುವ ಸ್ಕ್ರೂ ನಿಧಾನವಾದರೂ ಹೆಚ್ಚುಕಡಿಮೆ ಅಷ್ಟೇ ಟಾರ್ಕ್ ಕೇಳುತ್ತದೆ. ಗಾಳಿಯ ಲೆಕ್ಕವೇ ಬೇರೆ: ವೇಗ ಅರ್ಧವಾದರೆ ಟಾರ್ಕ್ ಕಾಲುಭಾಗ, ಶಕ್ತಿ ಎಂಟನೇ ಒಂದು ಭಾಗ. ಬ್ಲೋವರಿನ ಮೋಟಾರು ಹಾಯಾಗಿದೆ.

ಈಗ ತಮಾಷೆ ನೋಡಿ. ಎಕ್ಸ್‌ಪೆಲ್ಲರಿನ ಮೋಟಾರಿನ ಹಿಂಬದಿ ಕವಚದೊಳಗೂ ಒಂದು ಫ್ಯಾನು ಇದೆ, ಅದೇ ಶಾಫ್ಟಿಗೆ ಕೂತಿದೆ. ಮೋಟಾರು ಅರ್ಧಕ್ಕಿಳಿದರೆ ಅದು ದಬ್ಬುವ ಗಾಳಿಯೂ ಅರ್ಧ. ಬಿಸಿ ಹುಟ್ಟುವುದು ನಿಂತಿಲ್ಲ, ಬೀಸುವವನು ಸುಸ್ತಾಗಿದ್ದಾನೆ. ನಿಧಾನವಾದ ಗಾಳಿ ಒಂದು ಮೋಟಾರನ್ನು ಉಳಿಸಿ ಇನ್ನೊಂದನ್ನು ಬೇಯಿಸುತ್ತಿದೆ!

ಮದ್ದು ಎರಡಿವೆ. ನೇರ ಲೈನಿನಿಂದ ಸದಾ ಪೂರ್ತಿ ವೇಗದಲ್ಲಿ ಓಡುವ ಬೇರೆ ಫ್ಯಾನನ್ನು ಮೋಟಾರಿನ ಹಿಂದೆ ಕೂರಿಸುವುದು ಒಂದು. ಸದಾ ಅರ್ಧ ವೇಗವೇ ಸಾಕಾದರೆ ಪುಲ್ಲಿ ಬದಲಿಸಿ, ಮೋಟಾರು 50 ಹರ್ಟ್ಸ್‌ನಲ್ಲೇ ಓಡಲಿ. ಆಗ ಅದರ ಮೇಲಿನ ಟಾರ್ಕ್ ಕೂಡ ಅರ್ಧಕ್ಕಿಳಿಯುತ್ತದೆ.

ಅದಕ್ಕೂ ಮುಂಚೆ ಡ್ರೈವಿನ ಸೆಟ್ಟಿಂಗ್ ನೋಡಿಬಿಡಿ. ನೇಮ್‌ಪ್ಲೇಟ್ 415 ವೋಲ್ಟ್, 50 ಹರ್ಟ್ಸ್ ಎನ್ನುತ್ತಿರುವಾಗ ಡ್ರೈವಿನ ಬೇಸ್ ಫ್ರೀಕ್ವೆನ್ಸಿ 60 ಎಂದೇ ಉಳಿದಿದ್ದರೆ, 50 ಹರ್ಟ್ಸ್‌ನಲ್ಲಿ ಮೋಟಾರಿಗೆ ಸಿಗುವುದು ಸುಮಾರು 346 ವೋಲ್ಟ್. ಕೊರತೆ ತುಂಬಲು ಕರೆಂಟು ಏರುತ್ತದೆ. ಟಾರ್ಕ್ ಬೂಸ್ಟ್ ಅತಿಯಾದರೂ ಕಾವೇ.

ಇನ್ನು, ಅಂಗೈ ಇಟ್ಟು ‘ಸುಟ್ಟೇಹೋಯ್ತು’ ಎನ್ನಬೇಡಿ. 60 ಡಿಗ್ರಿಗೆ ನಮ್ಮ ಕೈ ಸೋಲುತ್ತದೆ; ಎಫ್ ಕ್ಲಾಸ್ ಇನ್ಸುಲೇಷನ್ 155 ಡಿಗ್ರಿವರೆಗೆ ತಡೆಯುತ್ತದೆ. ಆ ಮಿತಿ ದಾಟಿದರೆ ಪ್ರತಿ 10 ಡಿಗ್ರಿಗೆ ಅದರ ಆಯಸ್ಸು ಸುಮಾರು ಅರ್ಧವಾಗುತ್ತದೆ.

ಪ್ಯಾನೆಲ್ಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ದೃಷ್ಟಿ ತಾಗಿ ಯಾವ ಮೋಟಾರೂ ಕಾಯ್ದಿಲ್ಲ, ಅಷ್ಟೇ. ಆಯುಧಪೂಜೆಯ ಚೆಂಡುಹೂವಿನ ಹಾರವನ್ನು ಫ್ಯಾನಿನ ಜಾಲರಿಗೇ ಸುತ್ತಿ ತಿಂಗಳುಗಟ್ಟಲೆ ಬಿಟ್ಟಿರುವುದನ್ನು ಕಂಡಾಗ ಸಿಟ್ಟು ಬರುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಓವರ್‌ಲೋಡ್ ಮಿತಿ ಏರಿಸುವ ಜಾಣರನ್ನು ಕಂಡರೆ ಇನ್ನೂ ಹೆಚ್ಚು. ಆ ಟ್ರಿಪ್ ಕರೆಂಟು ನೋಡಿ ಹಾಕಿದ ಅಂದಾಜು ಮಾತ್ರ. ಹೊರಗೆ ಜಾಲರಿ ಮುಚ್ಚಿರುವುದು ಡ್ರೈವಿಗೆ ಕಾಣದು. ಮುಂದಿನ ಸಲ ರಿವೈಂಡಿಂಗಿಗೆ ಕೊಟ್ಟಾಗ ಸುರುಳಿಯೊಳಗೆ ಥರ್ಮಿಸ್ಟರ್ ಇರಿಸಿ, ಅದರ ತಂತಿಯನ್ನು ಡ್ರೈವಿಗೆ ಕೊಡಲು ಹೇಳಿ.