ಎವಾ ಪೆರೋನ್: ಜಾತಕ ಜಾಲಾಡಿದವರು, ಲೆಕ್ಕ ಕೇಳದವರು

ಚುನಾವಣೆಗೆ ನಿಲ್ಲದೆ, ಪ್ರಮಾಣವಚನ ಸ್ವೀಕರಿಸದೆ, ಸದನದಲ್ಲಿ ಒಂದು ಪ್ರಶ್ನೆಗೂ ಉತ್ತರ ಕೊಡದೆ ದೇಶದ ಆಡಳಿತದಲ್ಲಿ ಕೈಯಾಡಿಸುವ ಅವಕಾಶ ಸಿಗುವುದು ಆಳುವವರ ಬಾಳಸಂಗಾತಿಗೆ. ಪ್ರಶ್ನಿಸುವ ದಾರಿಗಳೆಲ್ಲ ಮುಚ್ಚಿರುವ ಇಂಥ ಕಡೆ ನಿಷ್ಠುರವಾದ ಜೀವನಚರಿತ್ರೆ ಬಹು ದೊಡ್ಡ ಕೆಲಸ ಮಾಡಬಲ್ಲದು. ಆದರೆ ಆ ಕೆಲಸ ಆಗಿರುವುದು ಅಪರೂಪ. ಅರ್ಜೆಂಟೀನಾದ ಅಧ್ಯಕ್ಷ ಹುವಾನ್ ಪೆರೋನನ ಹೆಂಡತಿ ಎವಾ ಪೆರೋನಳ ಬಗ್ಗೆ ಬಂದ ಪುಸ್ತಕಗಳಲ್ಲಿ ಇದು ಎದ್ದು ಕಾಣುತ್ತದೆ. 1919ರಲ್ಲಿ ಹುಟ್ಟಿ, 1952ರ ಜುಲೈ 26ರಂದು ಮೂವತ್ತಮೂರನೆಯ ವಯಸ್ಸಿಗೇ ಕ್ಯಾನ್ಸರಿಗೆ ಬಲಿಯಾದ ಆಕೆ ಅಧಿಕಾರದ ನೆರಳಿನಲ್ಲಿದ್ದದ್ದು ಆರೇ ವರ್ಷ. ಆ ಆರು ವರ್ಷಗಳಲ್ಲಿ ಆಕೆ ಮಾಡಿದ್ದೇನು ಎಂಬುದಕ್ಕಿಂತ ಅಲ್ಲಿಗೆ ಹೇಗೆ ತಲುಪಿದಳು ಎಂಬುದರಲ್ಲೇ ಟೀಕಾಕಾರರ ಆಸಕ್ತಿ ಹೂತುಹೋಯಿತು. ಹಾಗಾಗಿ ಅವರ ಟೀಕೆ ಎಷ್ಟು ಖಾರವಾಗಿದ್ದರೂ ಆಕೆಯ ಅಧಿಕಾರವನ್ನು ಮುಟ್ಟಲಿಲ್ಲ. ಆಕೆಯ ಭಕ್ತರ ಕೈಯನ್ನೇ ಬಲಪಡಿಸಿತು ಎಂದರೂ ತಪ್ಪಲ್ಲ.

ಈ ಧಾಟಿಗೆ ನಾಂದಿ ಹಾಡಿದ್ದು ಮೇರಿ ಮೇನ್ ಅವರ ಪುಸ್ತಕ. ಇಂಗ್ಲಿಷ್ ತಂದೆತಾಯಿಗೆ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಮೇನ್, ಪೆರೋನ್ ಇನ್ನೂ ಗದ್ದುಗೆಯಲ್ಲಿದ್ದ ಕಾಲದಲ್ಲಿ ಮಾರಿಯಾ ಫ್ಲೋರೆಸ್ ಎಂಬ ಗುಪ್ತನಾಮದಲ್ಲಿ ಅದನ್ನು ಅಮೆರಿಕದಲ್ಲಿ ಪ್ರಕಟಿಸಿದರು. ಎವಾಳನ್ನು ಚಾಟಿ ಹಿಡಿದ ಹೆಂಗಸು ಎಂದು ಅದರ ಹೆಸರೇ ಕರೆಯುತ್ತದೆ. ಅಂಥ ಹೊತ್ತಿನಲ್ಲಿ ಬರೆಯಲು ಬೇಕಾದ ಎದೆಗಾರಿಕೆಯನ್ನು ಯಾರೂ ಅಲ್ಲಗಳೆಯಲಾರರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಆಡಳಿತದ ಬಗ್ಗೆ ಅದು ಹೇಳಬೇಕಾದದ್ದನ್ನು ಹೇಳಿತು. ಆದರೆ ಆ ಬಗೆಯ ಬರವಣಿಗೆಯ ಉದ್ದಕ್ಕೂ ಹರಿದದ್ದು ಇನ್ನೊಂದು ಕಥೆ: ಮದುವೆಯಾಗದ ತಾಯಿಯ ಮಗಳು, ಹದಿನೈದರಲ್ಲೇ ಟ್ಯಾಂಗೋ ಗಾಯಕ ಮಗಾಲ್ಡಿಯ ಬೆನ್ನು ಹತ್ತಿ ರಾಜಧಾನಿ ಸೇರಿದಳು, ಗಂಡಸರನ್ನು ಒಬ್ಬರಾದ ಮೇಲೊಬ್ಬರಂತೆ ಮೆಟ್ಟಿಲು ಮಾಡಿಕೊಂಡು ಮೇಲೇರಿದಳು, ಏರಿದ ಮೇಲೆ ಹಳೆಯ ಅವಮಾನಗಳ ಸೇಡು ತೀರಿಸಿಕೊಂಡಳು. 1978ರಲ್ಲಿ ಲಂಡನ್ನಿನ ರಂಗವೇರಿದ 'ಎವಿಟಾ' ಸಂಗೀತ ನಾಟಕ ಈ ಕಥೆಯನ್ನು ಜಗತ್ತಿಗೆಲ್ಲ ಹಂಚಿತು. 1996ರಲ್ಲಿ ಮಡೋನಾ ನಟಿಸಿದ ಸಿನಿಮಾ ಬಂದಾಗ ನಮ್ಮಲ್ಲೂ ಅನೇಕರಿಗೆ ಎವಾ ಪರಿಚಯವಾದದ್ದು ಇದೇ ರೂಪದಲ್ಲಿ.

1980ರಲ್ಲಿ ನಿಕೊಲಸ್ ಫ್ರೇಸರ್ ಮತ್ತು ಇತಿಹಾಸಕಾರ್ತಿ ಮರೀಸಾ ನವಾರೋ ಜೊತೆಯಾಗಿ ಬರೆದ ಜೀವನಚರಿತ್ರೆ ಈ ಕಥೆಗಳನ್ನು ಒಂದೊಂದಾಗಿ ಜರಡಿ ಹಿಡಿಯಿತು. ಮಗಾಲ್ಡಿಯ ಕಥೆಗೆ ಗಟ್ಟಿ ಆಧಾರವೇ ಸಿಗಲಿಲ್ಲ. ಇದಕ್ಕಿಂತ ಮುಖ್ಯವಾದದ್ದು 1945ರ ಅಕ್ಟೋಬರ್ 17ರ ಪ್ರಸಂಗ. ಅಂದು ಸೆರೆಯಲ್ಲಿದ್ದ ಪೆರೋನನನ್ನು ಬಿಡಿಸಲು ಕಾರ್ಮಿಕರು ಸಾಗರದಂತೆ ಬ್ಯೂನಸ್ ಐರಿಸ್‌ಗೆ ನುಗ್ಗಿದರು. ಅವರನ್ನು ಬಡಿದೆಬ್ಬಿಸಿದ್ದು ಎವಾ ಎಂದು ಆಕೆಯ ಅಭಿಮಾನಿಗಳು ಹೇಳುತ್ತಾರೆ, ವಿರೋಧಿಗಳೂ ಹಾಗೇ ಹೇಳುತ್ತಾರೆ. ಒಬ್ಬರಿಗೆ ಅದು ಪತಿಪ್ರೇಮದ ಮಹಿಮೆ, ಇನ್ನೊಬ್ಬರಿಗೆ ಕುಟಿಲ ಹೆಣ್ಣಿನ ಕಾರಸ್ಥಾನ. ಆದರೆ ಅಂದು ಆಕೆ ಕಾರ್ಮಿಕ ಸಂಘಗಳಲ್ಲಿ ಹಿಡಿತವೇ ಇಲ್ಲದ ರೇಡಿಯೋ ನಟಿ. ಮದುವೆಯಾದದ್ದೇ ಐದು ದಿನಗಳ ನಂತರ. ಜನ ಸೇರಿಸಿದ್ದು ಕಾರ್ಮಿಕ ಸಂಘಗಳು, ಅದರಲ್ಲೂ ಬೆರಿಸ್ಸೋದ ಮಾಂಸದ ಕಾರ್ಖಾನೆಗಳ ನೌಕರರು ಮತ್ತು ಅವರ ನಾಯಕ ಸಿಪ್ರಿಯಾನೋ ರೆಯೆಸ್. ಮುಂದೆ ಪೆರೋನನಿಗೆ ತಲೆಬಾಗದೆ ವರ್ಷಗಟ್ಟಲೆ ಜೈಲು ಕಂಡದ್ದು ಇದೇ ರೆಯೆಸ್. ಎವಾಳನ್ನು ಸೂತ್ರಧಾರಿ ಮಾಡಿದ ಕ್ಷಣವೇ ಆ ಸಾವಿರಾರು ಕಾರ್ಮಿಕರು ಸೂತ್ರದ ಬೊಂಬೆಗಳಾಗುತ್ತಾರೆ. ಆಕೆಯನ್ನು ತೆಗಳಲು ಹೊರಟವರಿಗೆ ತಾವು ಆಕೆಯ ಭಕ್ತರ ಪುರಾಣವನ್ನೇ ಬಣ್ಣ ಬದಲಿಸಿ ಬರೆಯುತ್ತಿದ್ದೇವೆ ಎಂಬುದು ಹೊಳೆಯಲಿಲ್ಲ.

ಹಳೆಯ ಧರ್ಮಸಂಸ್ಥೆಯೊಂದರ ಕಥೆಯೂ ಹೀಗೆಯೇ. ಸಿರಿವಂತ ಮನೆತನದ ಹೆಂಗಸರು ನಡೆಸುತ್ತಿದ್ದ ಪರೋಪಕಾರ ಸಂಘ ತನಗೆ ಅಧ್ಯಕ್ಷಗಿರಿ ಕೊಡಲಿಲ್ಲವೆಂದು ಎವಾ ಅದನ್ನು ಮುಚ್ಚಿಸಿದಳು ಎಂಬುದು ಬಹಳ ಜನಪ್ರಿಯ ಆಖ್ಯಾನ. 1946ರಲ್ಲಿ ಸರ್ಕಾರ ಆ ಸಂಘವನ್ನು ತನ್ನ ವಶಕ್ಕೆ ತೆಗೆದುಕೊಂಡದ್ದು ನಿಜ. ಆದರೆ ಬಡವರ ಕಲ್ಯಾಣವನ್ನು ದೊಡ್ಡಮನೆಯ ಹೆಂಗಸರ ದಯೆಯಿಂದ ಸರ್ಕಾರದ ಕೈಗೆ ತರಬೇಕೇ ಬೇಡವೇ ಎಂಬುದು ಅದಕ್ಕೂ ಮೊದಲಿನಿಂದ ನಡೆದಿದ್ದ ಚರ್ಚೆ. ಅಷ್ಟು ದೊಡ್ಡ ನೀತಿಯ ಪ್ರಶ್ನೆ ಒಬ್ಬ ಹೆಂಗಸಿನ ಮುನಿಸಾಗಿ ಕುಗ್ಗಿಬಿಟ್ಟಿತು. ಇಂಥ ಟೀಕೆಯಿಂದ ಲಾಭವಾದದ್ದು ಯಾರಿಗೆ? ಎವಾಳನ್ನು ಮೆಚ್ಚಿದ ಜನರನ್ನು ನಗರದ ಪ್ರತಿಷ್ಠಿತರು 'ಅಂಗಿ ಇಲ್ಲದವರು' ಎಂದು ಜರೆದಿದ್ದರು; ಆ ಜನ ಅದನ್ನೇ ಬಿರುದಿನಂತೆ ಧರಿಸಿದ್ದರು. ಹಳ್ಳಿಗಾಡಿನಿಂದ ಪಟ್ಟಣಕ್ಕೆ ಬಂದು ದುಡಿಯುತ್ತಿದ್ದ ಅವರಲ್ಲಿ ಎಷ್ಟೋ ಮಂದಿಯ ಹುಟ್ಟಿನ ಕಥೆ ಎವಾಳದ್ದಕ್ಕಿಂತ ಬೇರೆಯಾಗಿರಲಿಲ್ಲ. ಆಕೆಯ ತಾಯಿಯನ್ನು ಹೀಯಾಳಿಸಿದ ಪ್ರತಿ ಪುಟವೂ ಅವರ ತಾಯಂದಿರನ್ನೂ ಹೀಯಾಳಿಸಿತು.

ಹಾಗಾದರೆ ಟೀಕಿಸಲು ಏನೂ ಇರಲಿಲ್ಲವೇ? ಬೇಕಾದಷ್ಟಿತ್ತು. 1948ರಲ್ಲಿ ಆಕೆ ಆರಂಭಿಸಿದ ಪ್ರತಿಷ್ಠಾನವನ್ನೇ ನೋಡಿ. ಅದು ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳನ್ನು ಕಟ್ಟಿಸಿತು, ದಾದಿಯರನ್ನು ತರಬೇತುಗೊಳಿಸಿತು. ಹೊಲಿಗೆ ಯಂತ್ರದಿಂದ ಹಿಡಿದು ಮಕ್ಕಳ ಆಟಿಕೆಯವರೆಗೆ ಹಂಚಿತು. ಹಣ ಬಂದದ್ದು ಕಾರ್ಮಿಕರ ಸಂಬಳದ ಕಡಿತದಿಂದ, ಲಾಟರಿ ಮತ್ತು ಜೂಜಿನ ಆದಾಯದ ಪಾಲಿನಿಂದ, ಕಂಪನಿಗಳ 'ಸ್ವಇಚ್ಛೆಯ' ವಂತಿಗೆಯಿಂದ. ಕೊಡಲು ಹಿಂಜರಿದ ಕಂಪನಿಗಳ ಬಾಗಿಲಿಗೆ ಸರ್ಕಾರಿ ತಪಾಸಣಾಧಿಕಾರಿಗಳು ಬಂದರು ಎಂಬ ಆರೋಪಗಳಿವೆ. ಸಾರ್ವಜನಿಕ ಹಣದಿಂದ ತುಂಬಿದ ಈ ಖಜಾನೆಯ ಮೇಲೆ ಸಂಸತ್ತಿಗೆ ಹಿಡಿತವಿರಲಿಲ್ಲ. ನಾಗರಿಕನಿಗೆ ಹಕ್ಕಾಗಿ ಬರಬೇಕಾದದ್ದು ಎವಾಳ ಕೈಯಿಂದ ಕೊಡುಗೆಯಾಗಿ ಬಂತು, ಪಡೆದವರು ಋಣಿಗಳಾದರು. ನನ್ನ ದೃಷ್ಟಿಯಲ್ಲಿ ಆಕೆಯ ಮೇಲೆ ಹೊರಿಸಬಹುದಾದ ಅತ್ಯಂತ ಗಂಭೀರ ಆಪಾದನೆ ಇದು. ಪತ್ರಿಕಾರಂಗದ ವಿಷಯವೂ ಇದೆ: 1947ರಲ್ಲಿ ಒಂದು ದಿನಪತ್ರಿಕೆ ಆಕೆಯ ಒಡೆತನಕ್ಕೆ ಬಂತು, 1951ರಲ್ಲಿ ಸರ್ಕಾರ ಹೆಸರುವಾಸಿ 'ಲಾ ಪ್ರೆನ್ಸಾ'ವನ್ನು ಮಾಲೀಕರಿಂದ ಕಸಿದು ತನ್ನ ಪರವಾದ ಕಾರ್ಮಿಕ ಒಕ್ಕೂಟಕ್ಕೆ ಒಪ್ಪಿಸಿತು. 1947ರ ಮಹಿಳಾ ಮತದಾನದ ಕಾಯ್ದೆಯ ಕೀರ್ತಿಯನ್ನು ಆಕೆಯೊಬ್ಬಳಿಗೇ ಕಟ್ಟಿದ್ದನ್ನೂ ಕೇಳಬೇಕು. ಅಲಿಸಿಯಾ ಮೊರೋ ಅವರಂಥ ಸಮಾಜವಾದಿ ಹೆಂಗಸರು ಅದಕ್ಕಾಗಿ ದಶಕಗಳ ಕಾಲ ದುಡಿದಿದ್ದರು. 1932ರಲ್ಲೇ ಕೆಳಮನೆ ಒಪ್ಪಿದ್ದ ಮಸೂದೆ ಸೆನೆಟ್ಟಿನಲ್ಲಿ ನಿಂತುಹೋಗಿತ್ತು.

ಖಾಸಗಿ ಬದುಕನ್ನು ಬಿಟ್ಟು ಜೀವನಚರಿತ್ರೆ ಬರೆಯಲಾದೀತೇ ಎಂದು ಯಾರಾದರೂ ಕೇಳಬಹುದು. ಅದರಲ್ಲೂ ತನ್ನ ಬಡತನವನ್ನೇ ರಾಜಕೀಯದ ಬಂಡವಾಳ ಮಾಡಿಕೊಂಡವಳ ವಿಷಯದಲ್ಲಿ ಈ ಪ್ರಶ್ನೆ ನ್ಯಾಯವಾದದ್ದು. ಲಾಸ್ ಟೋಲ್ಡೋಸ್‌ನಲ್ಲಿ 1919ರಲ್ಲಿ ಹುಟ್ಟಿದವಳ ಮದುವೆಯ ದಾಖಲೆಯಲ್ಲಿ ಊರು ಹುನಿನ್ ಎಂದೂ ವರ್ಷ 1922 ಎಂದೂ ಇದೆ. ಅಧಿಕೃತ ಕಾಗದವನ್ನು ತಿದ್ದುವಷ್ಟು ಪ್ರಭಾವ ಕೆಲಸ ಮಾಡಿದ್ದರೆ ಜೀವನಚರಿತ್ರೆಕಾರ ಅದನ್ನು ಹೇಳಲೇಬೇಕು. ಆದರೆ ಅಲ್ಲಿ ದೋಷವಿರುವುದು ದಾಖಲೆ ತಿದ್ದಿದ್ದರಲ್ಲಿ, ಹುಟ್ಟಿದ ಬಗೆಯಲ್ಲಲ್ಲ. ಇನ್ನೊಂದು ಆಕ್ಷೇಪವೂ ಇದೆ: ಹುದ್ದೆಯೇ ಇಲ್ಲದವರ ಬಗ್ಗೆ ಕಡತ ಎಲ್ಲಿ ಸಿಗಬೇಕು, ಊರ ಮಾತನ್ನು ನೆಚ್ಚದೆ ಗತಿಯೇನು? ಪ್ರತಿಷ್ಠಾನ ಕಟ್ಟಿದ ಕಟ್ಟಡಗಳಿವೆ, ವಂತಿಗೆಯ ಕಾನೂನುಗಳಿವೆ, ಪತ್ರಿಕೆಗಳ ಹಳೆಯ ಸಂಚಿಕೆಗಳಿವೆ, ನೆರವು ಪಡೆದವರೂ ಕಿರುಕುಳ ತಿಂದವರೂ ಬಹುಕಾಲ ಬದುಕಿದ್ದರು. ಕಷ್ಟ ತಂದೊಡ್ಡಿದ್ದು ಬೇರೆ. 1955ರಲ್ಲಿ ಪೆರೋನನನ್ನು ಕೆಳಗಿಳಿಸಿದ ಸೇನಾಡಳಿತ ಮರುವರ್ಷ ಆ ದಂಪತಿಯ ಹೆಸರು ಹೇಳುವುದನ್ನೇ ಅಪರಾಧವೆಂದು ಸಾರಿತು. ಎವಾಳ ಶವವನ್ನೂ ದೇಶದಿಂದಾಚೆಗೆ ಸಾಗಿಸಿ ಇಟಲಿಯಲ್ಲಿ ಬೇರೆ ಹೆಸರಿನಡಿ ಹೂಳಿಸಿತು. ಹೆಸರೆತ್ತಲಾಗದ ಕಡೆ ಯಾವ ಸಂಶೋಧನೆ ನಡೆದೀತು? ಅದಕ್ಕೂ ಮೊದಲು ಆಕೆಯ ಆತ್ಮಕಥೆಯನ್ನು ಶಾಲೆಗಳಲ್ಲಿ ಪಠ್ಯವಾಗಿ ಹೇರಲಾಗಿತ್ತು. ಹೊಗಳಿಕೆಯ ಕಡ್ಡಾಯ, ಅದರ ಬೆನ್ನಿಗೇ ಮೌನದ ಕಡ್ಡಾಯ. ಇವೆರಡರ ನಡುವೆ ವದಂತಿಯೇ ಹುಲುಸಾಗಿ ಬೆಳೆಯಿತು.

ಆಕೆ ಮಹತ್ವಾಕಾಂಕ್ಷಿ ಎಂಬ ಮಾತನ್ನು ಈ ಪುಸ್ತಕಗಳು ಬೈಗುಳದಂತೆ ಬಳಸುತ್ತವೆ. ಅಧ್ಯಕ್ಷನಾಗಬಯಸಿದ ಕರ್ನಲ್ ಪೆರೋನನಿಗೆ ಆ ಮಾತು ಬೈಗುಳವಾಗಲಿಲ್ಲ. ನಿಜಕ್ಕೂ ಆಕೆಯ ಮಹತ್ವಾಕಾಂಕ್ಷೆಯನ್ನು ಅಳೆಯಬೇಕೆಂದರೆ 1951ರ ಆಗಸ್ಟ್ ತಿಂಗಳನ್ನು ಹೊಕ್ಕು ನೋಡಬೇಕು. 22ರಂದು ರಾಜಧಾನಿಯ ವಿಶಾಲ ಬೀದಿಯಲ್ಲಿ ನೆರೆದ ಭಾರಿ ಜನಸ್ತೋಮ ಆಕೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕೆಂದು ಪಟ್ಟು ಹಿಡಿಯಿತು. ಆಕೆ ಕಾಲಾವಕಾಶ ಕೇಳಿದಳು. 31ರಂದು ರೇಡಿಯೋದಲ್ಲಿ ಒಲ್ಲೆ ಎಂದಳು. ಆ ಒಂಬತ್ತು ದಿನಗಳಲ್ಲಿ ಸೇನಾಧಿಕಾರಿಗಳ ವಿರೋಧ ಎಷ್ಟು ಕೆಲಸ ಮಾಡಿತು, ಒಳಗೇ ಕೊರೆಯುತ್ತಿದ್ದ ಕಾಯಿಲೆ ಎಷ್ಟು, ಹೆಂಡತಿ ತನಗೆ ಸಮನಾಗಿ ನಿಲ್ಲುವುದು ಪೆರೋನನಿಗೆ ಎಷ್ಟು ಬೇಕಿತ್ತು? ಕೊನೆಗೆ ಆತ ಆಯ್ದುಕೊಂಡದ್ದು ಹಿಂದಿನ ಉಪಾಧ್ಯಕ್ಷ, ವಯಸ್ಸಾದ ಕಿಹಾನೋನನ್ನೇ. ಕಿಹಾನೋ ಗೆದ್ದೂ ಎರಡನೆಯ ಅವಧಿಯ ಪ್ರಮಾಣವಚನಕ್ಕೆ ಮೊದಲೇ ತೀರಿಕೊಂಡ. ಎವಾಳನ್ನು ಕುರಿತ ಯಾವ ನಿಷ್ಠುರ ಪುಸ್ತಕವಾದರೂ ಇಲ್ಲಿಗೆ ಬಂದಾಗ ಪೆರೋನನನ್ನೂ ಅಷ್ಟೇ ನಿಷ್ಠುರವಾಗಿ ಪ್ರಶ್ನಿಸಬೇಕಾಗುತ್ತದೆ.